ಹಕ್ಕುಗಳ ಚರಿತ್ರೆಯೂ ವಿದ್ಯಾರ್ಥಿಗಳ ಪ್ರವಾಸವೂ

ಶೈಕ್ಷಣಿಕ ಪ್ರವಾಸವೆಂದೊಡನೆ ನಮ್ಮ ಕಾಲೇಜುಗಳು ಬೇಲೂರು, ಹಳೇಬೀಡು, ಹಂಪೆಗಳ ದಾರಿ ಹಿಡಿಯುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಸಾಲದು. 1965ರಲ್ಲಿ ಮತದಾನದ ಹಕ್ಕಿಗಾಗಿ ಹೊರಟ ಕಪ್ಪುವರ್ಣೀಯರು ಲಾಠಿಯೇಟು ತಿಂದ ಸೆಲ್ಮಾ ಊರಿನ ಸೇತುವೆಗೆ ಅಮೆರಿಕದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಾರೆ. ಅಂತಹ ನೆಲೆಗಳು ನಮ್ಮಲ್ಲಿಲ್ಲವೆ? ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಾಮರ್ಶಿಸುತ್ತೇವೆ.

ಪ್ರವಾಸವನ್ನು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಆರಂಭಿಸುವುದು ಯುಕ್ತ. ಅದು 1972ರಲ್ಲಿ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸರ ಊರು. ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿದಾರನು 7ನೆಯ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಸಲ್ಲಿಸಿ, ತಾನು ಉಳುತ್ತಿದ್ದ ನೆಲದ ಒಡೆತನ ಪಡೆಯಬಹುದಾಯಿತು. ಕೃಷ್ಣರಾಜನಗರದ ಗದ್ದೆಬಯಲಿನಲ್ಲಿ ನಿಂತು ಅಂತಹ ಒಂದು ಆದೇಶದ ಪ್ರತಿಯನ್ನು ಓದಿದ ವಿದ್ಯಾರ್ಥಿಗೆ, ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿದ್ದ ಕಾಯಿದೆಯು ಒಂದು ಮನೆತನದ ಚರಿತ್ರೆಯಾಗಿ ಕಾಣುತ್ತದೆ.

ಆದರೆ ಇಷ್ಟಕ್ಕೇ ಹಿಂದಿರುಗಿದರೆ ಅರ್ಧ ಸತ್ಯವನ್ನು ಮಾತ್ರ ಕಂಡಂತೆ. ಅದೇ 1974ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಳ್ಳಿಗಳೂ ಕಾಡೂ ಮುಳುಗಿದವು. ನಾಗರಹೊಳೆಯು 1955ರಲ್ಲಿ ವನ್ಯಧಾಮವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಜೇನುಕುರುಬರ ಅನೇಕ ಹಾಡಿಗಳು ಕಾಡಿನಿಂದ ಹೊರಬಂದವು. ಹುಣಸೂರು ತಾಲ್ಲೂಕಿನ ನಾಗಾಪುರ ಅಂತಹವರ ಪುನರ್ವಸತಿಯ ನೆಲೆ. ಉಳುವವನನ್ನು ಒಡೆಯನನ್ನಾಗಿ ಮಾಡಿದ ಕಾಯಿದೆ ಇವರನ್ನು ಮುಟ್ಟಲಿಲ್ಲ. ಏಕೆಂದರೆ ಇವರು ಯಾವ ಒಡೆಯನ ಗೇಣಿದಾರರೂ ಆಗಿರಲಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯಾದರೋ, 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಸರ್ಕಾರವೇ ನೆಲ ಕೊಟ್ಟು ನೆಲೆ ಕಲ್ಪಿಸಿತು. ಒಬ್ಬರ ಆಶ್ರಯವನ್ನು ಇನ್ನೊಬ್ಬರ ನಷ್ಟಕ್ಕೆ ಎದುರಾಗಿ ನಿಲ್ಲಿಸುವುದು ನ್ಯಾಯವಲ್ಲ. ಹಕ್ಕಿಗೆ ಕಾಗದವೇ ಆಧಾರವೆ ಎಂಬ ಪ್ರಶ್ನೆಯನ್ನು ಮಾತ್ರ ವಿದ್ಯಾರ್ಥಿ ಕೇಳಿಕೊಳ್ಳಲೇಬೇಕು.

ಈ ಪ್ರಶ್ನೆಗೆ 2006ರ ಅರಣ್ಯ ಹಕ್ಕು ಕಾಯಿದೆ ಉತ್ತರ ಹುಡುಕಿತು. ಅದರ ನಿಯಮಗಳ ಪ್ರಕಾರ ಪ್ರಾಚೀನತೆಯನ್ನು ತೋರಿಸುವ ಬಾವಿ, ಸ್ಮಶಾನ, ಪವಿತ್ರಸ್ಥಳಗಳೂ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯೂ ಸಾಕ್ಷ್ಯವೇ. ಶಾಸನವನ್ನೂ ಕಡತವನ್ನೂ ಮಾತ್ರ ಆಕರವೆಂದು ಬೋಧಿಸುತ್ತ ಬಂದ ನಮ್ಮಂತಹ ಅಧ್ಯಾಪಕರಿಗೆ ಇದರಲ್ಲಿ ಪಾಠವಿದೆ. ನಾವು ದಂತಕಥೆಯೆಂದು ಬದಿಗಿಡುವ ಅಜ್ಜಿಯ ಮಾತು ಒಂದು ಕುಟುಂಬದ ನೆಲದ ಹಕ್ಕನ್ನು ನಿರ್ಣಯಿಸಬಲ್ಲುದು.

ಆದಕಾರಣ ಇಂತಹ ಪ್ರವಾಸಕ್ಕೆ ಎರಡು ನಿಬಂಧನೆಗಳು ಅಗತ್ಯವೆಂದು ನಮ್ಮ ಅಭಿಪ್ರಾಯ. ಹಾಡಿಯ ಜನರು ಪ್ರದರ್ಶನದ ವಸ್ತುಗಳಲ್ಲ. ಅವರು ಕರೆದ ಹೊರತು ವಿದ್ಯಾರ್ಥಿಗಳು ಅಲ್ಲಿಗೆ ಹೋಗಬಾರದು, ಕ್ಯಾಮೆರಾ ತೆಗೆಯಬಾರದು. ಕೇಳಿ ಬರೆದುಕೊಂಡುದನ್ನು ಹೇಳಿದವರಿಗೆ ಓದಿ ತೋರಿಸಿ, ಒಂದು ಪ್ರತಿಯನ್ನು ಅವರಲ್ಲಿಯೇ ಬಿಟ್ಟು ಬರಬೇಕು. ನಮಗೆ ಅದು ಟಿಪ್ಪಣಿ. ಅವರಿಗೆ ಒಂದು ದಿನ ದಾಖಲೆಯಾದೀತು.