ಹಿತ್ತಲ ಗಲ್ಲಿಯಿಂದ ಕಂಡ ಬಸವಲಿಂಗಪ್ಪ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳನ್ನು ಮುಂಬಾಗಿಲ ಕಡೆಯಿಂದ ನೋಡಿ ಬರೆದವರು ಬಹಳ ಜನ. ರಾಮೋತ್ಸವದ ಸಂಗೀತ, ಗಾಂಧಿ ಬಜಾರಿನ ದೋಸೆ, ಜಗಲಿಯ ಮೇಲಿನ ಸಾಹಿತ್ಯ ಚರ್ಚೆ ಎಲ್ಲಾ ದಾಖಲಾಗಿದೆ. ನಾವು ಸ್ವಲ್ಪ ಹಿತ್ತಲ ಕಡೆ ಹೋಗೋಣ.

ಈ ಬಡಾವಣೆಗಳು ಹುಟ್ಟಿದ್ದು 1890ರ ದಶಕದಲ್ಲಿ, 1898ರ ಪ್ಲೇಗಿನ ಹಿಂದು ಮುಂದು. ಗಾಳಿ ಬೆಳಕು ಬೇಕು ಅಂತ ಅಗಲವಾದ ರಸ್ತೆ ಬಿಟ್ಟರು, ಜಾತಿವಾರು ನಿವೇಶನ ಹಂಚಿದರು. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಸಣ್ಣ ಗಲ್ಲಿಯನ್ನೂ ಬಿಟ್ಟರು. ನಕ್ಷೆಯಲ್ಲಿ ಅದಕ್ಕೆ ಕನ್ಸರ್ವೆನ್ಸಿ ಲೇನ್ ಅಂತ ಹೆಸರು. ಮನೆಯ ಕಕ್ಕಸು ಆ ಗಲ್ಲಿಗೆ ಅಂಟಿಕೊಂಡಿರುತ್ತಿತ್ತು. ಬೆಳಗಾಗುವ ಮೊದಲೇ ನಮ್ಮ ಜನ ಅಲ್ಲಿಂದ ಬಂದು, ಬಾಚಿ, ತುಂಬಿ, ತಲೆ ಮೇಲೆ ಹೊತ್ತು ಹೋಗಬೇಕಿತ್ತು. ಮುಂದಿನ ಬೀದಿಯಲ್ಲಿ ಅವರ ಮುಖ ಕಾಣಬಾರದು. ಊರಲ್ಲಿ ಹೊಲಗೇರಿ ಊರಾಚೆ ಇದ್ದರೆ, ಪಟ್ಟಣದಲ್ಲಿ ಅದನ್ನು ಮನೆ ಬೆನ್ನಿಗೇ ತಂದು ಗೋಡೆ ಕಟ್ಟಿದರು, ಅಷ್ಟೆ.

ಆ ಗಲ್ಲಿಗೆ ಕೈ ಹಾಕಿದ ಮಂತ್ರಿ ಬಿ. ಬಸವಲಿಂಗಪ್ಪ. 1924ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡವರು. ಹರಿಹರದ ಕಡೆಯವರು, ವಕೀಲರು, ಅಂಬೇಡ್ಕರರನ್ನು ಓದಿ ಅರಗಿಸಿಕೊಂಡವರು. 1972ರಲ್ಲಿ ದೇವರಾಜ ಅರಸರ ಮಂತ್ರಿಮಂಡಲ ಬಂದಾಗ ಪೌರಾಡಳಿತ ಖಾತೆ ಸಿಕ್ಕಿತು. ಮಂತ್ರಿಯಾದ ದಲಿತನಿಗೆ ಸಮಾಜ ಕಲ್ಯಾಣ ಕೊಟ್ಟು ಕೂರಿಸುವುದು ಎಲ್ಲ ಪಕ್ಷಗಳ ಹಳೇ ಚಾಳಿ. ಇವರಿಗೆ ಸಿಕ್ಕಿದ್ದು ಪುರಸಭೆಗಳು, ಅಂದರೆ ಮಲದ ಬಕೆಟ್ಟು ಯಾರ ತಲೆ ಮೇಲಿರಬೇಕು ಅಂತ ತೀರ್ಮಾನಿಸುವ ಜಾಗ. ತಲೆ ಮೇಲೆ ಮಲ ಹೊರುವುದನ್ನು ಅವರು ನಿಷೇಧಿಸಿದರು. ಇಡೀ ದೇಶಕ್ಕೆ ಅಂತ ಪಾರ್ಲಿಮೆಂಟು ಕಾನೂನು ಮಾಡಿದ್ದು 1993ರಲ್ಲಿ, ಇದಾಗಿ ಸುಮಾರು ಇಪ್ಪತ್ತು ವರ್ಷದ ಮೇಲೆ. ಅದೂ ಸಾಲದೆ 2013ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ಇಷ್ಟಾದರೂ ಮ್ಯಾನ್‌ಹೋಲಿಗೆ ಇಳಿದು ಸಾಯುವವರು ನಮ್ಮವರೇ. ತಲೆಯಿಂದ ಇಳಿದ ಹೊರೆ ಗುಂಡಿಗೆ ಬಿತ್ತು. ಆದರೆ ಇಳಿಸಿದವನ ಹೆಸರಾದರೂ ಗೊತ್ತಿರಬೇಡವೆ?

ಗೊತ್ತಿರುವುದು ಒಂದೇ ಪದ: ಬೂಸಾ.

1973ರ ನವೆಂಬರ್. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಇನ್ನೂ ತಿಂಗಳು ತುಂಬಿರಲಿಲ್ಲ. ಮೈಸೂರಿನ ಸಭೆಯೊಂದರಲ್ಲಿ ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅನ್ನುವ ಅರ್ಥದ ಮಾತಾಡಿದರು. ಮೇಲ್ಜಾತಿ ಹುಡುಗರು ಬೀದಿಗಿಳಿದರು. ಮೈಸೂರು, ಬೆಂಗಳೂರುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಹಾಸ್ಟೆಲುಗಳ ಮೇಲೆ ದಾಳಿ. ಕುವೆಂಪು ಮಂತ್ರಿಯ ಪರ ನಿಂತರು. ಕುವೆಂಪು ನಿಂತರೂ ಸಾಲಲಿಲ್ಲ, ಡಿಸೆಂಬರಿನಲ್ಲಿ ರಾಜೀನಾಮೆ ಪಡೆದೇ ಬಿಟ್ಟರು. ನಮಗೆ ಅನ್ನಿಸುವುದು ಇಷ್ಟು: ಸಿಟ್ಟು ಬಂದದ್ದು ಬೂಸಾ ಅಂದದ್ದಕ್ಕಲ್ಲ, ಅಂದವನ ಜಾತಿಗೆ. ಹಿತ್ತಲ ಬಾಗಿಲಲ್ಲಿ ಬರಬೇಕಾದವನು ಮುಂಬಾಗಿಲಲ್ಲಿ ಬಂದು ಜಗಲಿ ಮೇಲೆ ಕೂತು ಸಾಹಿತ್ಯ ವಿಮರ್ಶೆ ಮಾಡಿದ. (ಬೂಸಾ ಅಂದರೆ ಬೈಗುಳ ಅಂತ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸುವುದಿಲ್ಲ. ನಮ್ಮವ್ವ ಎಮ್ಮೆಗೆ ಅಂತ ತಂದ ಬೂಸವನ್ನು ಸೇರಲ್ಲಿ ಅಳೆದು ಹಾಕುತ್ತಾಳೆ. ಅದಕ್ಕೂ ದುಡ್ಡು ಬೇಕು.)

ಆ ಹೊಡೆತ ತಿಂದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು, ಪತ್ರಿಕೆ ಮಾಡಿದರು. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯ ಸಾಹಿತ್ಯ ಪರಿಷತ್ತು ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಲಿಲ್ಲ. 1979ರ ಮಾರ್ಚಿನಲ್ಲಿ ಇದೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಇದು ನಮ್ಮ ಓದುಗರಿಗೆಲ್ಲ ಗೊತ್ತು, ಬೆಳೆಸುವುದಿಲ್ಲ.

ಗೊತ್ತಿಲ್ಲದ್ದು ಅದಾದ ಮೇಲಿನ ಬಸವಲಿಂಗಪ್ಪ. ಬೂಸಾ ಗಲಾಟೆಯಲ್ಲೇ ಅವರ ಕತೆ ಮುಗಿಯಿತು ಅಂತ ನಮ್ಮ ಹುಡುಗರೂ ತಿಳಿದಿದ್ದಾರೆ. ಮುಗಿಯಲಿಲ್ಲ. ಅರಸರ ಎರಡನೇ ಅವಧಿಯಲ್ಲಿ ಅವರು ಕಂದಾಯ ಮಂತ್ರಿ. 1974ರ ಭೂಸುಧಾರಣೆಯಿಂದ ಗೇಣಿದಾರನಿಗೆ ಭೂಮಿ ಬಂತು, ಸರಿ. ಆ ಗೇಣಿದಾರನ ಹೊಲದಲ್ಲಿ ಕೂಲಿ ಮಾಡುವವನು ಯಾವ ಅರ್ಜಿ ಹಾಕಬೇಕು? ಅವನಿಗಿದ್ದದ್ದು ಸರ್ಕಾರ ಎಂದೋ ಮಂಜೂರು ಮಾಡಿದ ಎರಡೆಕರೆ. ಅದೂ ಮದುವೆಗೋ ಕಾಯಿಲೆಗೋ ಸಾಲಕ್ಕೋ ಒಂದು ಹೆಬ್ಬೆಟ್ಟಿನಲ್ಲಿ ಗೌಡನ ಪಾಲಾಗಿರುತ್ತಿತ್ತು. ಬಸವಲಿಂಗಪ್ಪ ಕಂದಾಯ ಖಾತೆಯಲ್ಲಿದ್ದಾಗ ಬಂದ, 1979ರ ಜನವರಿ 1ರಿಂದ ಜಾರಿಯಾದ ಕಾಯಿದೆ, ನಾವೆಲ್ಲ ಪಿ.ಟಿ.ಸಿ.ಎಲ್. ಅನ್ನುವುದು, ಆ ಹೆಬ್ಬೆಟ್ಟನ್ನು ಅಳಿಸಿತು. ಷರತ್ತು ಮುರಿದು ಕೊಂಡಿದ್ದರೆ, ಕಾಯಿದೆಗೆ ಮುಂಚಿನ ಮಾರಾಟವೂ ರದ್ದು. ಉಪವಿಭಾಗಾಧಿಕಾರಿ ಭೂಮಿ ಬಿಡಿಸಿ ಮೂಲದವನಿಗೆ ವಾಪಸು ಕೊಡಬೇಕು. ಭೂಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು.

ಅವರ ಮೇಲೆ ನಮಗೆ ತಕರಾರು ಇಲ್ಲದಿಲ್ಲ. ರಾಜೀನಾಮೆ ಕಿತ್ತುಕೊಂಡವರ ಸಂಪುಟಕ್ಕೇ ಮರಳಿ ಹೋದರಲ್ಲ, ಬೀದಿಯಲ್ಲಿದ್ದ ಹುಡುಗರ ಜೊತೆ ನಿಲ್ಲಬಾರದಿತ್ತೆ ಅಂತ ಬಹಳ ದಿನ ಕೇಳುತ್ತಿದ್ದೆವು. ಪಹಣಿ ಓದುವುದು ಕಲಿತ ಮೇಲೆ ಆ ಪ್ರಶ್ನೆಯ ದನಿ ಸ್ವಲ್ಪ ತಗ್ಗಿದೆ. ಬೀದಿಯಲ್ಲಿ ಹುಟ್ಟಿದ್ದನ್ನು ಸೆಕ್ಷನ್ನಾಗಿ ಬರೆಸಲು ಒಳಗೂ ಒಬ್ಬ ಬೇಕಿತ್ತು.

ನಮ್ಮಜ್ಜನ ಎರಡೆಕರೆಯೂ ಹಾಗೇ ಹೋದದ್ದು. ಊರಲ್ಲಿ ಯಾರಿಗೂ ಕಾಯಿದೆ ಗೊತ್ತಿರಲಿಲ್ಲ, ನಾವು ಓದಿ ಬಂದ ಮೇಲೆ ಅರ್ಜಿ ಹಾಕಿದೆವು. ತಡವಾಯಿತು ಅಂದರು. ಸಮಂಜಸ ಕಾಲದೊಳಗೆ ಕೇಳಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು. ದಲಿತ ಸಂಘಟನೆಗಳು ಧರಣಿ ಕೂತು ಕೂತು, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಮತ್ತೆ ಅರ್ಜಿ ಬರೆದಿದ್ದೇವೆ. ಮೊನ್ನೆ ಅವ್ವ ಪೆಟ್ಟಿಗೆಯ ತಳದಿಂದ ಅಜ್ಜನ ಸಾಗುವಳಿ ಚೀಟಿ ತೆಗೆದು ಕೊಟ್ಟಳು. ಮಡಿಕೆ ಬಿದ್ದ ಜಾಗದಲ್ಲಿ ಹರಿದಿದೆ, ಸರ್ವೆ ನಂಬರು ಮಾತ್ರ ಕಾಣುತ್ತದೆ.