ಗಡಿ ದಾಟಿ ತಂದ ಪದವಿ

ಡಾಕ್ಟರಿಕೆ ಓದಲು ಮಗನನ್ನು ರಷ್ಯಾಕ್ಕೆ ಕಳಿಸುವುದೋ, ಜಾರ್ಜಿಯಾಕ್ಕೋ? ಶಿಡ್ಲಘಟ್ಟದ ರೀಲರ್‌ಗಳ ಮನೆಯಲ್ಲಿ, ಚಿಂತಾಮಣಿಯ ಮಂಡಿಯಲ್ಲಿ ಇಂದು ಈ ಮಾತು ಬಂದರೆ ನಾವು ಬೆರಗಾಗಬೇಕಿಲ್ಲ. ಪದವಿಗಾಗಿ ಗಡಿ ದಾಟುವುದು ನಮ್ಮ ಸೀಮೆಗೆ ಹಳೆಯ ರೂಢಿ.

1916ರವರೆಗೆ ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾಲಯವಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಿಗೂ ಪದವಿ ಕೊಡುತ್ತಿದ್ದುದು ಮದರಾಸು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಕಲಿತ, ಎಳೆಯದರಲ್ಲೇ ತಂದೆಯನ್ನು ಕಳೆದುಕೊಂಡ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮನೆಪಾಠ ಹೇಳುತ್ತಾ 1881ರಲ್ಲಿ ಬಿ.ಎ. ಮುಗಿಸಿದರು. ಮುಂಬಯಿ ಪ್ರಾಂತ್ಯದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ್ದು ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಮುಂದೆ ಅವರು ದಿವಾನರಾಗಿದ್ದಾಗಲೇ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. 1918ರಲ್ಲಿ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಡುವ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಅದು ಸಣ್ಣ ಸಂಗತಿಯಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದರು. ಬಿ.ಎಸ್ಸಿ., ಎಂ.ಎಸ್ಸಿ. ಇಲ್ಲೇ ಮುಗಿಸಿದರು, ಅಮೆರಿಕದ ಓಹಿಯೋಗೆ ಹೋದದ್ದು ಆಮೇಲೆ, ಡಾಕ್ಟರೇಟಿಗೆ. ಮರಳಿ ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ದೂರದ ಓದು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ವಿಶ್ವೇಶ್ವರಯ್ಯನವರ ಬೆನ್ನಿಗೆ ಸರ್ಕಾರದ ಹಣವಿತ್ತು. ಇಂದಿನ ಎಷ್ಟೋ ಹುಡುಗರ ಬೆನ್ನ ಮೇಲೆ ಅಪ್ಪನ ಸಾಲವಿದೆ. ಹೊರಗೆ ವೈದ್ಯಕೀಯ ಓದಿ ಬಂದವರು ಇಲ್ಲಿ ಮತ್ತೊಂದು ಅರ್ಹತಾ ಪರೀಕ್ಷೆ ಗೆಲ್ಲಬೇಕು. ಆದ್ದರಿಂದ ಯಾವ ದೇಶ ಎನ್ನುವ ಮೊದಲು ಪಾಠ ಯಾವ ಭಾಷೆಯಲ್ಲಿ, ಪದವಿ ಇಲ್ಲಿ ನಡೆಯುತ್ತದೆಯೇ ಎಂದು ಕೇಳೋಣ. ಹಾಗೆ ಕೇಳುವಾಗ ಮಗಳ ಹೆಸರನ್ನೂ ಮರೆಯದಿರೋಣ.