ಬಾಡಿಗೆ ಫಲಕದ ‘ಮಾತ್ರ’: ಬರೋಡಾದಿಂದ ಕೊಡಿಗೇಹಳ್ಳಿಗೆ

ಕೊಡಿಗೇಹಳ್ಳಿಯ ಅಡ್ಡರಸ್ತೆಗಳಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕಗಳ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಾಲು ಅಪರೂಪವಲ್ಲ. ಬರೆದದ್ದು ಆಹಾರದ ಮಾತು; ಓದುವವರು ಅದನ್ನು ಜಾತಿಯೆಂದೋ ಮತವೆಂದೋ ತಿಳಿಯುತ್ತಾರೆ. ಈ ‘ಮಾತ್ರ’ಕ್ಕೆ ಚರಿತ್ರೆಯಿದೆ, ಅದರಲ್ಲಿ ನಮ್ಮವರ ಪಾಲೂ ಇದೆ.

1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದ ಡಾ. ಬಿ. ಆರ್. ಅಂಬೇಡ್ಕರರು ವಸತಿಗೆ ಬೇರೆ ದಾರಿ ಕಾಣದೆ, ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರವೊಂದರಲ್ಲಿ ತಂಗಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಅವರನ್ನು ಹೊರಡಿಸಿತು. ಅವರು ಮೊರೆಹೊಕ್ಕ ಹಿಂದೂ ಮಿತ್ರರು, ಮನೆಯಲ್ಲಿಟ್ಟುಕೊಂಡರೆ ಆಳುಗಳು ಬಿಟ್ಟುಹೋಗುವರೆಂದರು. ಕ್ರೈಸ್ತ ಮಿತ್ರರು, ಮರುದಿನ ಬರಲಿರುವ ಪತ್ನಿಯನ್ನು ಕೇಳಬೇಕೆಂದರು. ಆ ದಂಪತಿಗಳು ಬ್ರಾಹ್ಮಣ ಮನೆತನದಿಂದ ಬಂದವರೆಂದೂ ದೀಕ್ಷಾಸ್ನಾನದ ಬಳಿಕವೂ ಪತ್ನಿಯಲ್ಲಿ ಹಳೆಯ ಸಂಪ್ರದಾಯನಿಷ್ಠೆ ಉಳಿದಿತ್ತೆಂದೂ ಅಂಬೇಡ್ಕರರು ಅನಂತರ ತಿಳಿದರು. ಉದ್ಯಾನವೊಂದರಲ್ಲಿ ಗಂಟೆಗಟ್ಟಲೆ ಕುಳಿತು, ರಾತ್ರಿಯ ರೈಲಿಗೆ ಮುಂಬಯಿಗೆ ಹಿಂದಿರುಗಿದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ನಾವು ಗುರುಮಠದಲ್ಲಿ ಕಲಿಸುವ ಸಭಾಚರಿತ್ರೆಯಲ್ಲಿ ಆ ಸಂಜೆ ಬರುವುದಿಲ್ಲ, ಬರಬೇಕು.

ಸಂವಿಧಾನದ 15(2)ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿತು, ಬಾಡಿಗೆಮನೆಯನ್ನು ಹೆಸರಿಸಲಿಲ್ಲ. ಇಂದು ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆ ಎನಿಸಿರುವ 1955ರ ಕಾಯಿದೆ, ಅಸ್ಪೃಶ್ಯತೆಯ ಕಾರಣದಿಂದ ವಾಸದ ಮನೆಗೆ ಅಡ್ಡಿಮಾಡುವುದನ್ನು ಅಪರಾಧವೆಂದಿತು. ಮತವಾಗಲಿ ಆಹಾರವಾಗಲಿ ಅದರ ವ್ಯಾಪ್ತಿಗೆ ಬಾರದು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಗೃಹಸಹಕಾರ ಸಂಘವೊಂದು ಪಾರ್ಸಿಗಳಿಗಷ್ಟೇ ಸದಸ್ಯತ್ವ ಕೊಡುವುದನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿಯಾದರೋ, ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯಾದ ವಾರದೊಳಗೆ, 1968ರ ಏಪ್ರಿಲ್ 11ರಂದು ಜಾರಿಯಾದ ಕಾಯಿದೆಯು ಜನಾಂಗ, ಮತಗಳ ಆಧಾರದ ಆಯ್ಕೆಯನ್ನು ಸೂಚಿಸುವ ಜಾಹೀರಾತನ್ನೇ ನಿಷೇಧಿಸಿತು.

ನಮ್ಮ ಧರ್ಮಕೇಂದ್ರದ ಸೂಚನಾಫಲಕದಲ್ಲಿಯೂ ‘ಕ್ರೈಸ್ತ ಕುಟುಂಬಕ್ಕೆ ಮಾತ್ರ’ ಎಂಬ ಚೀಟಿಗಳಿರುತ್ತವೆ. ವರ್ಷಗಟ್ಟಲೆ ಓದಿದೆವು, ಅಳುಕಲಿಲ್ಲ. ಬೇರೆಯವರು ನಮಗೆ ಮನೆ ಕೊಡದಿರುವಾಗ ನಮ್ಮವರಾದರೂ ಕೊಡಬೇಡವೇ ಎಂದು ಹಿರಿಯರೊಬ್ಬರು ಕೇಳಿದರು. ಅದು ಹಗುರವಾದ ಪ್ರಶ್ನೆಯಲ್ಲ. ಅಲೆದವರ ನೋವು ಅದರಲ್ಲಿದೆ. ಆದರೆ ಮತದ ಕಾರಣದ ಭೇದವು ದೇವಸಂಕಲ್ಪಕ್ಕೆ ವಿರುದ್ಧವೆಂದು 1965ರಲ್ಲಿ ಸಾರಿದ ವ್ಯಾಟಿಕನ್ ಮಹಾಸಭೆ, ನಮಗೆಂದು ವಿನಾಯಿತಿ ಬರೆದಿಲ್ಲ.

ಚೀಟಿಯಲ್ಲಿ ಮನೆಯ ವಿವರವಷ್ಟೇ ಇರಲಿ ಎಂದು ಈಗ ಕೇಳುತ್ತಿದ್ದೇವೆ: ಕೋಣೆಗಳೆಷ್ಟು, ಮುಂಗಡವೆಷ್ಟು, ನೀರು ಕಾವೇರಿಯದೋ ಕೊಳವೆಬಾವಿಯದೋ. ಕಳೆದ ತಿಂಗಳು ಒಂದು ಚೀಟಿಯನ್ನು ತಿದ್ದಿ ತನ್ನಿರೆಂದು ಹಿಂದಕ್ಕೆ ಕೊಟ್ಟೆವು. ಆ ಮನೆಯೊಡೆಯರು ಇನ್ನೂ ಮರಳಿ ಬಂದಿಲ್ಲ.